ಮೂಗಿಗೆ ಗೊತ್ತಾಗದ ಹೊಗೆ: ಹಕ್ಕಿ ಸಾಕಿದ ಮನೆಯಲ್ಲಿ ನಾನು ಮಾಡಿಕೊಂಡ ಬದಲಾವಣೆಗಳು

ಚಳಿ ಜಾಸ್ತಿಯಾಗಿತ್ತು. ಹಕ್ಕಿಗಳಿಗೆ ಬೆಚ್ಚಗಿರಲಿ ಎಂದು ಹೊಸ ರೂಮ್ ಹೀಟರ್ ತಂದು, ಪಂಜರದಿಂದ ನಾಲ್ಕಡಿ ದೂರದಲ್ಲಿಟ್ಟು ಸ್ವಿಚ್ ಹಾಕಿದೆ. ಇಪ್ಪತ್ತು ನಿಮಿಷ ಬಿಟ್ಟು ಬಂದು ನೋಡಿದರೆ ಚಿನ್ನಿ ಪಂಜರದ ತಳದಲ್ಲಿ ಬಿದ್ದಿದ್ದಳು. ಮುತ್ತು ಕೋಲಿನ ಮೇಲೆ ಕೊಕ್ಕು ತೆರೆದು ಕೂತಿದ್ದ. ಒಂದೊಂದು ಉಸಿರಿಗೂ ಅವನ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ಕೋಣೆಯಲ್ಲಿ ಹೊಗೆ ಇರಲಿಲ್ಲ. ನನ್ನ ಮೂಗಿಗೆ ವಾಸನೆಯೂ ಬಂದಿರಲಿಲ್ಲ.

ಬಡ್ಜಿ ಎಂಬ ಪುಟ್ಟ ಗಿಳಿಗಳು ಅವು, ಎರಡನ್ನೂ ಎತ್ತಿಕೊಂಡು ಪಶುವೈದ್ಯರ ಹತ್ತಿರ ಓಡಿದೆ. ಅವರು ಕೇಳಿದ ಮೊದಲ ಪ್ರಶ್ನೆ, "ಇವತ್ತು ಮನೇಲಿ ಹೊಸದಾಗಿ ಏನನ್ನ ಬಿಸಿ ಮಾಡಿದ್ರಿ?" ಊಟ, ಕಾಯಿಲೆ, ಬೆಕ್ಕು, ಯಾವುದನ್ನೂ ಕೇಳಲಿಲ್ಲ. ಹೀಟರ್ ಎಂದೆ. ಅವರು ತಲೆಯಾಡಿಸಿ ಮುತ್ತುವನ್ನು ಆಮ್ಲಜನಕದ ಪೆಟ್ಟಿಗೆಯೊಳಗೆ ಬಿಟ್ಟರು. ಚಿನ್ನಿ ದಾರಿಯಲ್ಲೇ ಹೋಗಿದ್ದಳು. ಅವಳ ಶ್ವಾಸಕೋಶ ರಕ್ತ ತುಂಬಿ ಕಪ್ಪಗಾಗಿತ್ತು ಎಂದು ಆಮೇಲೆ ತಿಳಿಯಿತು.

ಕಾರಣ ಹೀಟರಿನ ಬಿಸಿಯಾಗುವ ಭಾಗಕ್ಕೆ ಬಳಿದಿದ್ದ ಲೇಪನ. ನಾನ್‌ಸ್ಟಿಕ್ ಬಾಣಲೆಗೆ ಬಳಿಯುವ ಪಿಟಿಎಫ್‌ಇ ಇದೆಯಲ್ಲ, ಅದೇ. ಬಾಣಲೆಯ ವಿಷಯ ನನಗೆ ಮೊದಲೇ ಗೊತ್ತಿತ್ತು, ಅಡುಗೆಮನೆಯಿಂದ ಅದನ್ನು ಹೊರಗೆ ಹಾಕಿ ವರ್ಷವೇ ಆಗಿತ್ತು. ಹೀಟರಿನಲ್ಲೂ ಅದೇ ಇರಬಹುದೆಂದು ಯೋಚಿಸಿರಲಿಲ್ಲ. ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಈ ಲೇಪನ ಕೆಡಲು ಶುರುವಾಗುತ್ತದೆ, ಬಿಸಿ ಏರಿದಷ್ಟೂ ವಿಷದ ಅನಿಲ ಹೆಚ್ಚುತ್ತದೆ. ಎಣ್ಣೆ, ನೀರು ಏನೂ ಇಲ್ಲದ ಬಾಣಲೆ ದೊಡ್ಡ ಉರಿಯ ಮೇಲೆ ಕೆಲವೇ ನಿಮಿಷಗಳಲ್ಲಿ ಅಷ್ಟು ಕಾಯುತ್ತದೆ. ಅದೇ ಗಾಳಿಯಲ್ಲಿ ನಿಂತ ಮನುಷ್ಯನಿಗೆ ಏನೂ ಅನ್ನಿಸದೇ ಇರಬಹುದು. ಕೆಲವರಿಗೆ ಕೆಲವು ಗಂಟೆ ಬಿಟ್ಟು ಜ್ವರ, ಮೈಕೈ ನೋವು ಬರಬಹುದು.

ಹಕ್ಕಿಯ ಉಸಿರಾಟವೇ ಬೇರೆ ಥರ. ನಾವು ಎಳೆದುಕೊಂಡ ಗಾಳಿಯನ್ನು ಅದೇ ದಾರಿಯಲ್ಲಿ ಹೊರಗೆ ಬಿಡುತ್ತೇವೆ. ಹಕ್ಕಿಗೆ ಶ್ವಾಸಕೋಶದ ಜೊತೆಗೆ ಗಾಳಿಚೀಲಗಳಿವೆ, ಹೆಚ್ಚಿನ ಹಕ್ಕಿಗಳಲ್ಲಿ ಒಂಬತ್ತು. ಅವು ತಿದಿಯಂತೆ ಗಾಳಿಯನ್ನು ಒಂದೇ ದಿಕ್ಕಿನಲ್ಲಿ ಶ್ವಾಸಕೋಶದ ಮೂಲಕ ಹಾಯಿಸುತ್ತವೆ. ಉಸಿರು ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಹೊಸ ಗಾಳಿ ರಕ್ತಕ್ಕೆ ತಾಗುತ್ತಲೇ ಇರುತ್ತದೆ, ಅವೆರಡರ ನಡುವಿನ ಪೊರೆಯೂ ಬಹಳ ತೆಳು. ಹಾರುವುದಕ್ಕೆ ಬೇಕಾದ ಆಮ್ಲಜನಕ ಸಿಗುವುದು ಹೀಗೆ. ವಿಷ ಒಳಗೆ ಹೋಗುವುದೂ ಅದೇ ದಾರಿಯಲ್ಲಿ, ಅಷ್ಟೇ ಬೇಗ.

ಮುತ್ತು ಮನೆಗೆ ಬರುವ ಮೊದಲು, ಆ ಎರಡು ದಿನ, ನಾನೊಂದು ಪುಸ್ತಕ ಹಿಡಿದು ಮನೆಯೆಲ್ಲ ತಿರುಗಿದೆ. ವಾಸನೆ ಬರುವ ವಸ್ತುಗಳನ್ನು ಹುಡುಕಲಿಲ್ಲ, ಬಿಸಿಯಾಗುವ ವಸ್ತುಗಳನ್ನು ಹುಡುಕಿದೆ. ಬ್ರೆಡ್ ಸುಡುವ ಯಂತ್ರ, ಹೇರ್ ಡ್ರೈಯರ್, ಓವನ್ನಿನೊಳಗೆ ಹಾಸುವ ಹಾಳೆ, ಇಸ್ತ್ರಿ ಪೆಟ್ಟಿಗೆ, ಇಸ್ತ್ರಿ ಹಲಗೆಗೆ ಹೊದಿಸಿದ ಬಟ್ಟೆ ಕೂಡ. ಓವನ್ನಿಗೆ ತನ್ನನ್ನು ತಾನೇ ಸುಟ್ಟು ಶುಚಿ ಮಾಡಿಕೊಳ್ಳುವ ಒಂದು ಗುಂಡಿ ಇತ್ತು. ಅದನ್ನು ಒತ್ತಿದರೆ ಒಳಗಿನ ಬಿಸಿ 500 ಡಿಗ್ರಿಯ ಹತ್ತಿರ ಹೋಗುತ್ತದೆಂದು ಓದಿ, ಯಾರೂ ಮುಟ್ಟದಂತೆ ಆ ಗುಂಡಿಯ ಮೇಲೆ ಟೇಪ್ ಅಂಟಿಸಿದೆ.

ಅನುಮಾನ ಬಂದ ಒಂದೊಂದು ವಸ್ತುವಿನ ತಯಾರಕರಿಗೂ "ಇದರ ಯಾವುದಾದರೂ ಭಾಗದಲ್ಲಿ ಪಿಟಿಎಫ್‌ಇ ಇದೆಯೇ?" ಎಂದು ಬರೆದು ಕೇಳಿದೆ. ಹಲವರಿಂದ ಬಂದ ಉತ್ತರ "ನಮ್ಮ ವಸ್ತು ಪಿಎಫ್‌ಒಎ ಮುಕ್ತ". ಹಕ್ಕಿ ಸಾಕುವವರು ದಯವಿಟ್ಟು ಈ ಎರಡು ಹೆಸರುಗಳ ವ್ಯತ್ಯಾಸ ನೆನಪಿಟ್ಟುಕೊಳ್ಳಿ. ಪಿಎಫ್‌ಒಎ ಎಂಬುದು ಆ ಲೇಪನ ತಯಾರಿಸುವಾಗ ಹಿಂದೆ ಬಳಸುತ್ತಿದ್ದ ರಾಸಾಯನಿಕ. ಅದು ಇಲ್ಲ ಎಂದರೆ ಪಿಟಿಎಫ್‌ಇ ಇಲ್ಲ ಎಂದು ಅರ್ಥವಲ್ಲ. ನೇರ ಉತ್ತರ ಬಾರದಿದ್ದರೆ ಇದೆ ಎಂದೇ ಲೆಕ್ಕ ಹಾಕಿ ಮನೆಯಿಂದ ಹೊರಗೆ ಹಾಕಿದೆ. ಪಾತ್ರೆಗಳ ವಿಷಯದಲ್ಲಿ ಯಾರನ್ನೂ ಕೇಳುವ ಗೊಡವೆಯೇ ಬೇಡವೆಂದು ಸ್ಟೀಲ್ ಮತ್ತು ಬೀಡು ಕಬ್ಬಿಣದವನ್ನು ಮಾತ್ರ ಇಟ್ಟುಕೊಂಡಿದ್ದೇನೆ. "ಸರಿಯಾಗಿ ಬಳಸಿದರೆ ನಾನ್‌ಸ್ಟಿಕ್‌ನಿಂದ ತೊಂದರೆ ಇಲ್ಲ" ಎನ್ನುವವರಿದ್ದಾರೆ. ಸರಿ. ಆದರೆ ಒಲೆಯ ಮೇಲೆ ಬಾಣಲೆ ಇಟ್ಟು ಮರೆಯದವರು ಯಾರೂ ನನಗೆ ಸಿಕ್ಕಿಲ್ಲ.

ಲೇಪನ ಹೋದರೂ ಅಡುಗೆಮನೆಯ ಹೊಗೆ ಹೋಗುವುದಿಲ್ಲ. ಕಾದು ಹೊಗೆಯಾಡುವ ಎಣ್ಣೆ, ಸೀದ ಅಡುಗೆ ಕೂಡ ಹಕ್ಕಿಗೆ ಕೆಟ್ಟದ್ದೇ. ಬಾಗಿಲು ಮುಚ್ಚಿದರೆ ಸಾಕೆಂದು ಮೊದಲು ನಂಬಿದ್ದೆ. ಒಂದು ದಿನ ತೆಳ್ಳನೆಯ ಟಿಶ್ಯೂ ಕಾಗದದ ಪಟ್ಟಿಯನ್ನು ಮುಚ್ಚಿದ ಬಾಗಿಲಿನ ಕೆಳಗಿನ ಸಂದಿಯ ಹತ್ತಿರ ಹಿಡಿದು ನೋಡಿದೆ. ಅದು ಹಕ್ಕಿಗಳ ಕೋಣೆಯ ಕಡೆಗೆ ಬಾಗಿತು! ಅಡುಗೆಮನೆಯ ಕಿಟಕಿಯಿಂದ ಬಂದ ಗಾಳಿ ಒಲೆಯ ಹೊಗೆಯನ್ನೂ ಹೊತ್ತುಕೊಂಡು ನೇರ ಪಂಜರಕ್ಕೆ ಹೋಗುತ್ತಿತ್ತು. ಈಗ ಒಲೆ ಹಚ್ಚುವ ಮೊದಲೇ ಗಾಳಿ ಹೊರದೂಡುವ ಫ್ಯಾನ್ ಹಾಕುತ್ತೇನೆ, ಅಡುಗೆಮನೆಯ ಕಿಟಕಿ ಮುಚ್ಚಿ, ಹಕ್ಕಿಯ ಕೋಣೆಯ ಕಿಟಕಿಯನ್ನು ಸ್ವಲ್ಪ ತೆರೆದಿಡುತ್ತೇನೆ. ಗಾಳಿ ಹಕ್ಕಿಯ ಕಡೆಯಿಂದ ಒಲೆಯ ಕಡೆಗೆ ಹೋಗಬೇಕು, ತಿರುಗಿ ಬರಬಾರದು. ಪಟ್ಟಿ ಹಿಡಿದು ಆಗಾಗ ನೋಡುತ್ತಿರುತ್ತೇನೆ, ಯಾಕೆಂದರೆ ಹೊರಗಿನ ಗಾಳಿ ದಿಕ್ಕು ಬದಲಿಸಿದರೆ ಒಳಗಿನದೂ ಬದಲಾಗುತ್ತದೆ.

ಸೊಳ್ಳೆ ಬತ್ತಿ, ಸೊಳ್ಳೆ ಓಡಿಸುವ ದ್ರವದ ಯಂತ್ರ, ರೂಮ್ ಫ್ರೆಶ್‌ನರ್, ಊದುಬತ್ತಿ, ಸುವಾಸನೆಯ ಮೇಣದಬತ್ತಿ, ಬೀರುವಿನ ನುಸಿಗುಳಿಗೆ ಎಲ್ಲವನ್ನೂ ಒಂದೇ ದಿನ ತೆಗೆದೆ. ಸೊಳ್ಳೆಗೆ ಕಿಟಕಿಗಳಿಗೆ ಜಾಲರಿ ಹಾಕಿಸಿದೆ. ಉಗುರಿನ ಬಣ್ಣ, ಅದನ್ನು ತೆಗೆಯುವ ದ್ರವ, ಬಾಡಿ ಸ್ಪ್ರೇ ಇವೆಲ್ಲ ಮನೆಯ ಹೊರಗೆ. ಸಿಗರೇಟು ಸೇದುವ ನೆಂಟರಿಗೆ ಹೊರಗೆ ಸೇದಿ ಬಂದ ಮೇಲೂ ಕೈ ತೊಳೆಯದೆ ಮುತ್ತುವನ್ನು ಮುಟ್ಟಬೇಡಿ ಎನ್ನುತ್ತೇನೆ. ಹೇಳಲು ಸಂಕೋಚವಾಗುತ್ತದೆ, ಆದರೂ ಹೇಳುತ್ತೇನೆ.

ಪಂಜರ ತೊಳೆಯುವುದು ಬಿಸಿನೀರು, ವಾಸನೆಯಿಲ್ಲದ ಸೋಪಿನಲ್ಲಿ. ಸೋಂಕಿನ ಭಯವಿದ್ದಾಗ ಬ್ಲೀಚ್ ಬೇಕಾಗುತ್ತದೆ. ಆಗ ಹಕ್ಕಿಯನ್ನು ಬೇರೆ ಪಂಜರಕ್ಕೆ ಬಿಟ್ಟು, ಖಾಲಿ ಪಂಜರವನ್ನು ಅಂಗಳಕ್ಕೆ ಒಯ್ದು, ನೀರು ಬೆರೆಸಿದ ಬ್ಲೀಚಿನಲ್ಲಿ ತೊಳೆದು, ಚೆನ್ನಾಗಿ ಜಾಲಿಸಿ ಬಿಸಿಲಿಗೆ ಒಣಗಿಸುತ್ತೇನೆ. ಬ್ಲೀಚಿನ ಜೊತೆ ವಿನೆಗರ್ ಆಗಲಿ ಟಾಯ್ಲೆಟ್ ತೊಳೆಯುವ ಆಸಿಡ್ ಆಗಲಿ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅಮೋನಿಯ ಸೇರಿದರೆ ಕ್ಲೋರಮೈನ್. ಅವು ಮನುಷ್ಯರಿಗೂ ಅಪಾಯ. ಹಾಗಾಗಿ ನಮ್ಮಲ್ಲಿ ಇವೆಲ್ಲ ಬೇರೆ ಬೇರೆ ಕಪಾಟಿನಲ್ಲಿವೆ.

ಮನೆಗೆ ಬಣ್ಣ ಬಳಿಸಿದಾಗ ಮುತ್ತುವನ್ನು ಮೂರು ವಾರ ಅಕ್ಕನ ಮನೆಯಲ್ಲಿ ಬಿಟ್ಟಿದ್ದೆ. ಡಬ್ಬಿಯ ಮೇಲೆ ವಾಸನೆರಹಿತ ಎಂದು ಬರೆದಿದ್ದರೂ ಬೇಗ ಕರೆತರಲಿಲ್ಲ. ಬಿಟ್ಟು ಬರುವ ಮೊದಲು ಅಕ್ಕನ ಅಡುಗೆಮನೆಯನ್ನೂ ನೋಡಿದೆ, ಅವಳು ಬೇಸರಪಟ್ಟುಕೊಳ್ಳಲಿಲ್ಲ.

ಗಾಳಿ ಶುದ್ಧೀಕರಿಸುವ ಯಂತ್ರ ತಂದರೆ ಇಷ್ಟೆಲ್ಲ ಬೇಕಿಲ್ಲವಲ್ಲ ಎಂದು ಹಲವರು ಕೇಳುತ್ತಾರೆ. ಧೂಳು, ಗರಿಯ ಪುಡಿಗೆ ಅದು ಒಳ್ಳೆಯದು, ನನ್ನಲ್ಲೂ ಇದೆ. ಆದರೆ ಕೆಲವು ನಿಮಿಷಗಳಲ್ಲಿ ಕೊಲ್ಲುವ ಅನಿಲವನ್ನು ಅದು ತಡೆಯುತ್ತದೆಂದು ನಾನು ನಂಬುವುದಿಲ್ಲ. ಓಝೋನ್ ಬಿಡುವ ಯಂತ್ರವನ್ನಂತೂ ಹಕ್ಕಿ ಇರುವ ಮನೆಗೆ ತರಲೇಬಾರದು, ಓಝೋನ್ ಅವುಗಳ ಶ್ವಾಸಕೋಶವನ್ನೇ ಸುಡುತ್ತದೆ.

ಹಿಂದೆ ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಿಗೆ ವಿಷದ ಗಾಳಿ ಪತ್ತೆ ಮಾಡಲು ಕ್ಯಾನರಿ ಹಕ್ಕಿಗಳನ್ನು ಒಯ್ಯುತ್ತಿದ್ದದ್ದು ಹಲವರಿಗೆ ಗೊತ್ತು. ಕೆಲವು ಪಂಜರಗಳ ಮೇಲೆ ಪುಟ್ಟ ಆಮ್ಲಜನಕದ ಸಿಲಿಂಡರ್ ಇರುತ್ತಿತ್ತು, ಕುಸಿದ ಹಕ್ಕಿಯನ್ನು ಒಳಗಿಟ್ಟು ಬಾಗಿಲು ಮುಚ್ಚಿ ಬದುಕಿಸಿಕೊಳ್ಳಲು. ಅದರ ಚಿತ್ರ ನೋಡಿದಾಗ ಮುತ್ತು ಮಲಗಿದ್ದ ಪೆಟ್ಟಿಗೆ ಕಣ್ಣ ಮುಂದೆ ಬಂತು. ಈಗ ಬಾಗಿಲ ಪಕ್ಕದಲ್ಲೇ ಸಣ್ಣ ಪಂಜರ, ಹೊದಿಸಲು ಬಟ್ಟೆ, ವೈದ್ಯರ ನಂಬರ್ ಇಟ್ಟಿದ್ದೇನೆ. ಬಾಲ ಆಡಿಸುತ್ತಾ ಉಸಿರಾಡುವುದು, ಕೊಕ್ಕು ತೆರೆದೇ ಇರುವುದು, ತೂಕಡಿಸಿ ಓಲಾಡುವುದು, ಇವುಗಳಲ್ಲಿ ಯಾವುದು ಕಂಡರೂ ಮೊದಲು ಹಕ್ಕಿಯನ್ನು ಹೊರಗಿನ ಗಾಳಿಗೆ ಒಯ್ಯಬೇಕು, ಕಾರಣ ಹುಡುಕುವುದು ಆಮೇಲೆ. ಬಾಯಿಗೆ ನೀರು ಹಾಕಬಾರದು. ಚೇತರಿಸಿಕೊಂಡಂತೆ ಕಂಡರೂ ವೈದ್ಯರಿಗೆ ತೋರಿಸಲೇಬೇಕು, ಶ್ವಾಸಕೋಶದಲ್ಲಿ ನೀರು ತುಂಬುವುದು ಕೆಲವು ಗಂಟೆ ಬಿಟ್ಟೂ ಆಗಬಹುದು.

ಮುತ್ತು ಪೂರ್ತಿ ಚೇತರಿಸಿಕೊಳ್ಳಲು ಒಂದು ತಿಂಗಳು ಹಿಡಿಯಿತು. ಈಗ ಚೆನ್ನಾಗಿ ಹಾರುತ್ತಾನೆ. ಇಸ್ತ್ರಿ ಪೆಟ್ಟಿಗೆಯ ತಯಾರಕರಿಂದ ಮಾತ್ರ ಇನ್ನೂ ಉತ್ತರ ಬಂದಿಲ್ಲ. ಬರುವವರೆಗೆ ನಮ್ಮ ಮನೆಯ ಇಸ್ತ್ರಿ ಮಹಡಿಯ ಮೇಲೆ, ಬಯಲಿನಲ್ಲಿ.