ಕೊಲೆಸ್ಟ್ರಾಲ್ ಇಂಜೆಕ್ಷನ್: ತರೋದು, ತಂಪಿಡೋದು, ಹಾಕ್ಕೊಳ್ಳೋದು ಹೆಂಗ?

ಸಿಂಧನೂರಿನ ನಮ್ಮ ದೊಡ್ಡಪ್ಪಗ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ ಮ್ಯಾಲೆ ಎರಡು ಥರದ ಗುಳಿಗಿ ತಪ್ಪದ ನುಂಗಿದ್ರೂ ಕೆಟ್ಟ ಕೊಲೆಸ್ಟ್ರಾಲು, ಅಂದ್ರ ಎಲ್‌ಡಿಎಲ್, 110ರಿಂದ ಕೆಳಗ ಇಳೀಲೇ ಇಲ್ಲ, ಅವರಂಥವರಿಗೆ ಅದು 55ರ ಕೆಳಗ ಇರ್ಬೇಕಂತ, ಅದಕ್ಕ ಡಾಕ್ಟರು ಪೆನ್ನಿನಂಥ ಇಂಜೆಕ್ಷನ್ ಬರೆದ್ರು. ಮನಿಯವ್ರು ಅದನ್ನ ತಂದು ಫ್ರಿಜ್ಜಿನಾಗ ಐಸ್ ಆಗೋ ಖಾನೆಯಾಗ ಇಟ್ರು, ಬೆಳಿಗ್ಗಿ ನೋಡಿದ್ರ ಗಟ್ಟಿಯಾಗಿತ್ತು. ಸಾವಿರಾರು ರೂಪಾಯಿ ಔಷಧ ಎಸೀಬೇಕಾತು. ಇನ್ನೊಬ್ಬರ ಮನಿಯಾಗ ಹಂಗಾಗಬಾರ್ದು.

ಮೊದಲು ಇದು ಏನು ಮಾಡ್ತದ ತಿಳ್ಕೊಳ್ರಿ. ರಕ್ತದಾಗಿನ ಎಲ್‌ಡಿಎಲ್ ಹಿಡಿದು ಒಳಗ ಎಳ್ಕೊಳ್ಳೋ ರಿಸೆಪ್ಟರ್ ಲಿವರಿನ ಮ್ಯಾಲೆ ಇರ್ತಾವ, ಪಿಸಿಎಸ್‌ಕೆ9 ಅನ್ನೋ ಪ್ರೋಟೀನು ಅವನ್ನ ಹಾಳು ಮಾಡ್ತದ. ಪೆನ್ನಿನಾಗ ಬರೋ ಇವೊಲೊಕ್ಯುಮ್ಯಾಬ್, ಅಲಿರೊಕ್ಯುಮ್ಯಾಬ್ ಅನ್ನೋ ಔಷಧ ಆ ಪ್ರೋಟೀನನ್ನೇ ತಡೀತಾವ, ಎಲ್‌ಡಿಎಲ್ ಅರ್ಧಕ್ಕಿಂತ ಕೆಳಗ ಬರೋದೂ ಉಂಟು. ಇನ್‌ಕ್ಲಿಸಿರಾನ್ ಅಂತ ಇನ್ನೊಂದದ, ಮೊದಲ ಡೋಸ್ ಆಗಿ 3 ತಿಂಗಳಿಗೆ ಒಂದು, ಆಮ್ಯಾಲೆ 6 ತಿಂಗಳಿಗೊಂದು, ಅದನ್ನ ಆಸ್ಪತ್ರಿಯಾಗೇ ಹಾಕ್ತಾರ.

ಈಗ ನಮ್ಮ ಕಡೆ ದೊಡ್ಡ ಸಮಸ್ಯೆ ಬಿಸಿಲು. ಪೆನ್ನು 2ರಿಂದ 8 ಡಿಗ್ರಿಯಾಗ ಇರ್ಬೇಕು. ಹೊರಗಿಟ್ರ 25 ಡಿಗ್ರಿ ಒಳಗ 30 ದಿನ ತಡೀತದ ಅಂತ ಡಬ್ಬಿ ಮ್ಯಾಲೆ ಬರದಿರ್ತದ, ಆದ್ರ ಏಪ್ರಿಲ್ ಮೇದಾಗ 40 ದಾಟೋ ರಾಯಚೂರಿನಾಗ 25 ಡಿಗ್ರಿ ಎಲ್ಲಿಂದ ತರ್ತೀರಿ? ಹಂಗಾಗಿ ರಾಯಚೂರಿನಾಗ ತಗೊಂಡು ಮಾನ್ವಿ ಮ್ಯಾಲೆ ಬಸ್ಸಿನಾಗ ಬರೋರು ಥರ್ಮಾಕೋಲ್ ಡಬ್ಬಿ, ಐಸ್ ಜೆಲ್ ಪ್ಯಾಕ್ ಒಯ್ರಿ, ಪ್ಯಾಕಿಗೂ ಪೆನ್ನಿಗೂ ನಡುವ ಒಂದು ಟವೆಲ್ ಇರ್ಲಿ, ನೇರ ತಾಗಿದ್ರೂ ಹೆಪ್ಪುಗಟ್ತದ. ಮನಿಗೆ ಬಂದ ಕೂಡ್ಲೇ ಫ್ರಿಜ್ಜಿನ ನಡುವಿನ ಖಾನೆ. ಕರೆಂಟ್ ಹೋದ್ರ ಫ್ರಿಜ್ ಬಾಗಿಲು ತೆಗೀಬ್ಯಾಡ್ರಿ.

ಹಾಕ್ಕೊಳ್ಳೋ ದಿನ ಅರ್ಧ ತಾಸು ಮೊದಲು ಹೊರಗ ತೆಗೆದಿಡ್ರಿ, ಬಿಸಿನೀರಾಗ ಇಡೋದು, ಬಿಸಿಲಿಗಿಡೋದು, ಅಲ್ಲಾಡಿಸೋದು ಯಾವ್ದೂ ಬ್ಯಾಡ. ಒಳಗಿನ ಔಷಧ ಮಬ್ಬಾಗಿದ್ರ, ಕಣ ಕಂಡ್ರ ಬಳಸಬ್ಯಾಡ್ರಿ. ಕೈ ತೊಳ್ಕೊಂಡು ತೊಡಿ ಇಲ್ಲಾ ಹೊಟ್ಟಿ ಆರಿಸ್ಕೊಳ್ರಿ, ಹೊಕ್ಕಳದಿಂದ ಎರಡಿಂಚು ದೂರ ಇರ್ಲಿ, ಸ್ಪಿರಿಟ್ ಹತ್ತಿಯಿಂದ ಒರೆಸಿ ಆರಾಕ ಬಿಡ್ರಿ. ಹಿಂದಿನ ಸಲ ಹಾಕಿದ ಜಾಗ ಬ್ಯಾಡ. ಮುಚ್ಚಳ ಕೊನೀಗೆ ತೆಗೀರಿ, ಪೆನ್ನನ್ನ ಚರ್ಮಕ್ಕ ನೆಟ್ಟಗ ಒತ್ತಿ ಹಿಡಿದು ಬಟನ್ ಒತ್ತಿದ್ರ ಟಕ್ ಅಂತದ. ದೊಡ್ಡಪ್ಪ ಆ ಸದ್ದು ಕೇಳಿದ ತಕ್ಷಣ ಕೈ ಎತ್ತಾಕ ಹೋಗಿದ್ರು, ನಾನು ಹಿಡಿದು ನಿಲ್ಲಿಸಿದೆ, ಯಾಕಂದ್ರ ಔಷಧ ಪೂರಾ ಹೋಗಾಕ ಹದಿನೈದು ಇಪ್ಪತ್ತು ಸೆಕೆಂಡ್ ಬೇಕು, ಸಣ್ಣ ಕಿಟಕಿ ಪೂರಾ ಹಳದಿ ಆಗೋತನಕ ಒತ್ತೇ ಹಿಡೀಬೇಕು. ಮೊದಲ ಸಲ ನರ್ಸ್ ಮುಂದ ಹಾಕ್ಕೊಳ್ರಿ.

ಡಾಕ್ಟರು ಪೆನ್ನು ಎರಡು ವಾರಕ್ಕೊಮ್ಮೆ ಹಾಕ್ಕೊಳ್ರಿ ಅಂದಿದ್ರ, ಅದು ಅಮಾಸಿ ಹುಣ್ಣಿಮಿ ಲೆಕ್ಕ ಅಲ್ಲ, ವಾರ ಹಿಡೀರಿ: ಇವತ್ತು ಸೋಮವಾರ ಆದ್ರ ಒಂದು ಸೋಮವಾರ ಬಿಟ್ಟು ಮುಂದಿನ ಸೋಮವಾರ. ಮರೆತ್ರ ಡಾಕ್ಟರಿಗೆ ಫೋನ್ ಮಾಡ್ರಿ, ಎರಡು ಡೋಸ್ ಒಮ್ಮೆಲೆ ಹಾಕ್ಕೋಬ್ಯಾಡ್ರಿ. ಚುಚ್ಚಿದಲ್ಲಿ ಕೆಂಪಾಗೋದು, ಸ್ವಲ್ಪ ನೋವು ಸಾಮಾನ್ಯ. ಮುಖ ಬಾತ್ರ, ಉಸಿರು ಕಟ್ಟಿದ್ರ ತಡಮಾಡದ ಆಸ್ಪತ್ರಿ. ಬಳಸಿದ ಪೆನ್ನು ಕಸದ ಗಾಡಿಗೆ ಹಾಕಬ್ಯಾಡ್ರಿ, ಕಸ ಎತ್ತೋರ ಕೈಗೆ ಸೂಜಿ ಚುಚ್ತದ, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಾಗ ಹಾಕಿ ಆಸ್ಪತ್ರಿಗೆ ಕೊಡ್ರಿ.

ಎರಡು ತಿಂಗಳಿಗೆ ರಕ್ತ ಟೆಸ್ಟ್ ಮಾಡ್ಸಿದಾಗ ದೊಡ್ಡಪ್ಪಂದು 46 ಬಂತು. ಖುಷಿಯಾಗಿ "ಇನ್ನ ಗುಳಿಗಿ ಬಿಡ್ಲೇನ್ರೀ ಡಾಕ್ಟ್ರೇ" ಅಂದ್ರು. "ಬಿಡಬ್ಯಾಡ್ರಿ ಯಜಮಾನ್ರೇ, ಗುಳಿಗಿ ಇಂಜೆಕ್ಷನ್ ಎರಡೂ ಕೂಡಿ ಇಳಿಸಿದ್ದು ಇದು, ಯಾವ್ದು ಬಿಟ್ರೂ ಮತ್ತ ಏರ್ತದ" ಅಂದ್ರು ಡಾಕ್ಟರು.