ಚಿತ್ರದ ಮೂಲೆಗೆ ಒಂದು ಹೆಸರು

ಚಿತ್ರಕ್ಕೆ ಸಹಿಯಾಗಿ ಹಾಕುವ ಹೆಸರನ್ನು ಯೋಚಿಸಿ ಆರಿಸುವುದಕ್ಕಿಂತ ಬರೆದು ಆರಿಸುವುದು ಒಳ್ಳೆಯದು. ನಾನು ಜಲವರ್ಣ ಮತ್ತು ಲಿನೋ ಅಚ್ಚಿನ (ಲಿನೋಲಿಯಂ ಹಲಗೆ ಕೆತ್ತಿ, ಬಣ್ಣ ಹಚ್ಚಿ ಒತ್ತುವ ಅಚ್ಚು) ಕೆಲಸ ಮಾಡುವವಳು. ಹೆಸರು ಬದಲಿಸಲು ಹೊರಟಾಗ ಎಲ್ಲರ ಹಾಗೆ ಮೊದಲು ಚಂದದ ಪದಗಳ ಪಟ್ಟಿ ಮಾಡಿದೆ. ಆ ಪಟ್ಟಿಯಲ್ಲಿದ್ದ ಒಂದೂ ಕೊನೆಗೆ ಉಳಿಯಲಿಲ್ಲ.

ಬದಲಿಸುವಂಥದ್ದು ಏನಾಗಿತ್ತು ಅಂತ ಕೇಳಬಹುದು. ನನ್ನ ಹೆಸರಿನವರೇ ಇನ್ನೊಬ್ಬರು ಚಿತ್ರ ಬರೆಯುತ್ತಾರೆ. ಅವರ ಚಿತ್ರಕ್ಕೆ ನನಗೆ ಶಹಬ್ಬಾಸ್ ಬರುತ್ತಿತ್ತು, ನನಗೆ ಬರಬೇಕಾದ ಕೆಲಸ ಅವರಿಗೆ ಹೋಗುತ್ತಿತ್ತು. ಅದಾದರೂ ಸಹಿಸಿಕೊಳ್ಳಬಹುದಿತ್ತು. ನಿಜವಾದ ತಾಪತ್ರಯ ಇದ್ದದ್ದು ಹೆಸರಿನ ಕೊನೆಯ ‘ಕ್ಷಿ’ಯಲ್ಲಿ. ಪುಸ್ತಕದಲ್ಲಿ ಅಚ್ಚಾದಾಗ ಅದು ಲಕ್ಷಣವಾಗಿಯೇ ಇರುತ್ತದೆ. ಆದರೆ ಅರ್ಧ ಸೆಂಟಿಮೀಟರ್ ಎತ್ತರದಲ್ಲಿ, ಒದ್ದೆ ಕುಂಚದಲ್ಲಿ ಬರೆದು ನೋಡಿ. ಮೇಲೊಂದು ಗುಡಿಸು, ಕೆಳಗೊಂದು ಒತ್ತು, ನಡುವಿನ ಸಂದುಗಳಿಗೆಲ್ಲ ಬಣ್ಣ ಇಳಿದು ಬರೀ ಒಂದು ಕಲೆ ಉಳಿಯುತ್ತದೆ. ಲಿನೋದಲ್ಲಂತೂ ಕೇಳಲೇಬೇಡಿ. ಅಚ್ಚಿನಲ್ಲಿ ಸರಿಯಾಗಿ ಬರಬೇಕೆಂದರೆ ಹಲಗೆಯ ಮೇಲೆ ಅಕ್ಷರವನ್ನು ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಕೆತ್ತಬೇಕು. ಉಲ್ಟಾ ಕ್ಷಿ ಕೆತ್ತುವಾಗ ಒತ್ತಿನ ಸಣ್ಣ ಗೋಡೆ ಮುರಿದೇ ಮುರಿಯುತ್ತದೆ.

ಹಾಗಾಗಿ ನನ್ನ ಮೊದಲ ನಿಯಮ: ಹೆಸರಿನಲ್ಲಿ ಒತ್ತಕ್ಷರ ಇರಬಾರದು. ಪಟ್ಟಿಯ ಮುಕ್ಕಾಲು ಪಾಲು ಅಲ್ಲಿಗೇ ಹೋಯಿತು. ನನಗೆ ತುಂಬ ಇಷ್ಟವಾಗಿದ್ದ ‘ಇಬ್ಬನಿ’ ಕೂಡ. ಅದನ್ನು ಇಟ್ಟುಕೊಂಡವರು ಆಗಲೇ ಬೇಕಾದಷ್ಟು ಜನ ಇದ್ದರು, ಆ ಮಾತು ಬೇರೆ.

ಆಮೇಲೆ, ಬೇರೆಯವರು ಏನು ಮಾಡಿದ್ದಾರೆ ಅಂತ ನೋಡುತ್ತಾ ಕೂತೆ. ನಮ್ಮ ಬರಹಗಾರರ ದಾರಿ ಗೊತ್ತೇ ಇದೆ. ಕುಪ್ಪಳ್ಳಿ ವೆಂಕಟಪ್ಪ ಪುಟ್ಟಪ್ಪ ಕುವೆಂಪು ಆದರು. ಬೇಂದ್ರೆ ತಾಯಿಯ ಹೆಸರು ಸೇರಿಸಿಕೊಂಡು ಅಂಬಿಕಾತನಯದತ್ತ ಆದರು. ಕವಿತೆಯ ಕೆಳಗೆ ಅದು ಭರ್ಜರಿಯಾಗಿ ಕೂರುತ್ತದೆ. ಅಂಗೈಯಗಲದ ಜಲವರ್ಣಕ್ಕೆ ಹಾಕಿದರೆ ಹೆಸರೇ ಅರ್ಧ ಚಿತ್ರ ಆಗಿಬಿಡುತ್ತದೆ, ಅಲ್ವಾ?

ಚಿತ್ರಗಾರರಲ್ಲಿ ಬೆಲ್ಜಿಯಂನ ಕಾಮಿಕ್ಸ್ ಕಲಾವಿದ ಜಾರ್ಜ್ ರೆಮಿ ಮಾಡಿದ್ದು ಜಾಣ ಕೆಲಸ. ತನ್ನ ಇನಿಷಿಯಲ್‌ಗಳನ್ನು ತಿರುಗಿಸಿ ಆರ್ ಜಿ ಅಂತ ಮಾಡಿಕೊಂಡ. ಫ್ರೆಂಚರ ಬಾಯಲ್ಲಿ ಅದು ‘ಎರ್ಜೆ’. 1924ರಿಂದ ಅದೇ ಅವನ ಸಹಿ. ನಾನೂ ನನ್ನ ಹೆಸರಿನ ಮೊದಲ ಮೂರಕ್ಷರವನ್ನು ಹಿಂದೆ ಮುಂದೆ ಮಾಡಿ ನೋಡಿದೆ. ‘ಜವನ’ ಅಂತ ಬಂತು. ಗೆಳತಿಗೆ ತೋರಿಸಿದರೆ, “ಯಮನ ಚಿತ್ರ ಯಾರು ಕೊಳ್ತಾರೆ?” ಅಂದಳು. ಆ ದಾರಿ ಅಲ್ಲಿಗೆ ಮುಗಿಯಿತು.

ಬರೀ ಗುರುತು ಹಾಕುವವರೂ ಇದ್ದಾರೆ. ಅಮೆರಿಕದ ಚಿತ್ರಗಾರ ವಿಸ್ಲರ್ ತನ್ನ ಇನಿಷಿಯಲ್‌ಗಳನ್ನೇ ಬಳುಕಿಸಿ ಚಿಟ್ಟೆ ಮಾಡಿಕೊಂಡ. ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್‌ನದು ದೊಡ್ಡ ‘ಎ’ಯ ಕಾಲುಗಳ ನಡುವೆ ಪುಟ್ಟ ‘ಡಿ’. ನೋಡಲು ಆಸೆಯಾಗುತ್ತದೆ. ಆದರೂ ನಾನು ಹಿಂಜರಿದೆ. ಕಾರಣ ಯೂಡಿತ್ ಲೈಸ್ಟರ್. 17ನೇ ಶತಮಾನದ ಈ ಡಚ್ ಕಲಾವಿದೆ ಜೆ ಎಲ್ ಅಕ್ಷರಗಳನ್ನು ಹೆಣೆದು ಪಕ್ಕಕ್ಕೆ ಒಂದು ನಕ್ಷತ್ರ ಹಾಕುತ್ತಿದ್ದಳು. ಅವಳು ಸತ್ತ ಮೇಲೆ ಆ ಗುರುತು ಯಾರದು ಅನ್ನುವುದೇ ಮರೆತುಹೋಯಿತು. ಅವಳ ಚಿತ್ರಗಳು ಅದೇ ಕಾಲದ ಡಚ್ ಚಿತ್ರಗಾರ ಫ್ರಾನ್ಸ್ ಹಾಲ್ಸ್‌ನ ಹೆಸರಿಗೆ ಹೋದವು. 1893ರಲ್ಲಿ ಒಬ್ಬ ವಿದ್ವಾಂಸ ಹಾಲ್ಸ್‌ನದೆಂದು ಮಾರಾಟವಾಗಿದ್ದ ಚಿತ್ರದಲ್ಲಿ ಆ ನಕ್ಷತ್ರ ಗುರುತಿಸಿದ ಮೇಲೆಯೇ ಅವಳು ಮತ್ತೆ ಬೆಳಕಿಗೆ ಬಂದದ್ದು. ಗುರುತು ಅವಳನ್ನು ಉಳಿಸಿತು ಅಂತ ಹೇಳುವವರಿದ್ದಾರೆ. ಓದಲು ಬರುವ ಹೆಸರಿದ್ದರೆ ಅಷ್ಟು ಕಾಲ ಕಾಯಬೇಕಿರಲಿಲ್ಲ ಅಂತ ನನಗೆ ಅನಿಸುತ್ತದೆ. ಗುರುತು ಬೇಕಿದ್ದರೆ ಇರಲಿ, ಜೊತೆಗೆ ಎಲ್ಲಾದರೂ ಪೂರ್ತಿ ಹೆಸರೂ ಇರಲಿ.

ಕೊನೆಗೆ ನನಗೆ ದಾರಿ ತೋರಿಸಿದ್ದು ಪಿಕಾಸೊ. ಅವನ ತಂದೆಯ ಮನೆತನ ರುಯಿಸ್, ತಾಯಿಯದು ಪಿಕಾಸೊ. ಶುರುವಿನಲ್ಲಿ ರುಯಿಸ್ ಅಂತ ಬರೆಯುತ್ತಿದ್ದ, ಆಮೇಲೆ ಎರಡನ್ನೂ ಬರೆದ, 1901ರ ಹೊತ್ತಿಗೆ ಬರೀ ಪಿಕಾಸೊ ಉಳಿಯಿತು. ನಾನು ಅಮ್ಮನ ಹೆಸರಿನ ‘ತಾ’ ತೆಗೆದುಕೊಂಡೆ, ನನ್ನದರಿಂದ ‘ವ’, ‘ನ’ ಸೇರಿಸಿದೆ. ತಾವನ. ಒತ್ತಿಲ್ಲ, ಮೂರೂ ದುಂಡಗಿನ ಅಕ್ಷರ.

ಅಷ್ಟಕ್ಕೇ ಖುಷಿಪಟ್ಟು ಸುಮ್ನೆ ಆಗಲಿಲ್ಲ. ಹಾಳಾದ ಜಲವರ್ಣದ ಕಾಗದಗಳ ಹಿಂಬದಿಯಲ್ಲಿ ಆ ಹೆಸರನ್ನು ಬರೆದೆ, ಬರೆದೆ, ಬರೆದೆ. ದೊಡ್ಡದಾಗಿ ಅಲ್ಲ, ಸಹಿ ಹಾಕುವ ಅಳತೆಯಲ್ಲೇ, ಸಹಿ ಹಾಕುವ ಕುಂಚದಲ್ಲೇ. ನನ್ನದು ಉದ್ದ ಕೂದಲಿನ ತೆಳು ಕುಂಚ. ಕೈ ಹತೋಟಿಗೆ ಬಂದ ಮೇಲೆ ಅಕ್ಷರಗಳು ತಾವೇ ಬದಲಾದವು. ‘ತಾ’ದ ದೀರ್ಘದ ಬಾಲ ನೇರವಾಗಿ ‘ವ’ಕ್ಕೆ ಹರಿಯಿತು. ‘ವ’ ಮತ್ತು ‘ನ’ದ ತಲೆಕಟ್ಟುಗಳು ಸೇರಿ ಒಂದೇ ಗೆರೆಯಾದವು. ಇದು ನಾನು ಕೂತು ವಿನ್ಯಾಸ ಮಾಡಿದ್ದಲ್ಲ. ಬೇಗ ಬರೆಯುವಾಗ ಕೈ ಹಿಡಿದ ದಾರಿ. ಕಂಪ್ಯೂಟರಿನಲ್ಲಿ ಫಾಂಟ್ ಆರಿಸಿ ಸಹಿ ಮಾಡಿಕೊಳ್ಳುವವರನ್ನು ಕಂಡರೆ ನನಗೆ ಅಯ್ಯೋ ಅನಿಸುವುದು ಇದಕ್ಕೇ.

ಇನ್ನೊಂದು ಪರೀಕ್ಷೆ ಕಿವಿಗೆ. ವ್ಯಾನ್ ಗೋ ಚಿತ್ರಗಳಿಗೆ ಬರೀ ‘ವಿನ್ಸೆಂಟ್’ ಅಂತ ಸಹಿ ಹಾಕುತ್ತಿದ್ದ. ತನ್ನ ಮನೆತನದ ಹೆಸರು ಇಲ್ಲಿನ ಜನರ ಬಾಯಲ್ಲಿ ಹೊರಳುವುದಿಲ್ಲ, ಕ್ಯಾಟಲಾಗಿನಲ್ಲೂ ವಿನ್ಸೆಂಟ್ ಅಂತಲೇ ಹಾಕಿಸು ಎಂದು 1888ರಲ್ಲಿ ಫ್ರಾನ್ಸಿನ ಆರ್ಲ್‌ನಿಂದ ತಮ್ಮನಿಗೆ ಬರೆದಿದ್ದ. ನಾನು ಪರಿಚಯದವರಿಗೆ ಫೋನ್ ಮಾಡಿ ಹೊಸ ಹೆಸರು ಒಂದೇ ಸಲ ಹೇಳಿ, ಬರೆದು ಕಳಿಸಿ ಅಂದೆ. ಹೆಚ್ಚಿನವರು ಸರಿಯಾಗಿ ಬರೆದರು. ಒಬ್ಬರು ‘ಪಾವನ’ ಅಂತ ಬರೆದರು, ಪರವಾಗಿಲ್ಲ. ಆ ಹೆಸರು ಬೇರೆ ಯಾರಾದರೂ ಇಟ್ಟುಕೊಂಡಿದ್ದಾರಾ ಅಂತ ಇಂಟರ್ನೆಟ್ಟಿನಲ್ಲಿ ಹುಡುಕುವಾಗ ಕನ್ನಡ, ಇಂಗ್ಲಿಷ್ ಎರಡೂ ಲಿಪಿಯಲ್ಲಿ ಹುಡುಕಿ. ಒಂದರಲ್ಲಿ ಖಾಲಿ ಇದ್ದದ್ದು ಇನ್ನೊಂದರಲ್ಲಿ ತುಂಬಿರುತ್ತದೆ.

ಹಾಕುವ ಜಾಗದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಾಗದದ ತುದಿಗೆ ಅಂಟಿಸಿದ ಹಾಗೆ ಹಾಕಬೇಡಿ, ಫ್ರೇಮಿನೊಳಗಿನ ಅಂಚಿನ ರಟ್ಟು (ಮೌಂಟ್) ನುಂಗಿಬಿಡುತ್ತದೆ. ಚಿತ್ರದಲ್ಲಿ ಆಗಲೇ ಬಳಸಿದ ಬಣ್ಣದಲ್ಲೇ ಹಾಕಿ. ಅಚ್ಚಿನ ಪ್ರತಿಗಳಿಗೆ ರೂಢಿಯಂತೆ ಚಿತ್ರದ ಕೆಳಗೆ ಪೆನ್ಸಿಲಿನಲ್ಲಿ: ಎಡಕ್ಕೆ ಪ್ರತಿಯ ಸಂಖ್ಯೆ, ಬಲಕ್ಕೆ ಹೆಸರು.

ಕಾಗದಪತ್ರದಲ್ಲಿ ಮಾತ್ರ ನಾನು ಹಳೆಯ ಹೆಸರನ್ನು ಬಿಟ್ಟಿಲ್ಲ. ಒಪ್ಪಂದದಲ್ಲಿ ಎರಡೂ ಹೆಸರು ಬರೆಸುತ್ತೇನೆ. ಚಿತ್ರದ ಹಿಂಬದಿಯಲ್ಲೂ ಎರಡನ್ನೂ ಬರೆದು, ವರ್ಷ ಹಾಕುತ್ತೇನೆ. ಇದು ಬರೀ ಹಣ ಬರುವ ವಿಷಯವಲ್ಲ. ಕೃತಿಸ್ವಾಮ್ಯದ ಬಗ್ಗೆ ದೇಶಗಳು ಮಾಡಿಕೊಂಡ ಬರ್ನ್ ಒಪ್ಪಂದದ ಪ್ರಕಾರ ಗುಪ್ತನಾಮದ ಕೃತಿಗೆ ರಕ್ಷಣೆಯ ಕನಿಷ್ಠ ಅವಧಿಯನ್ನು ಅದು ಜನರ ಮುಂದೆ ಬಂದ ದಿನದಿಂದ 50 ವರ್ಷ ಅಂತ ಎಣಿಸುತ್ತಾರೆ. ಆ ಹೆಸರಿನ ಹಿಂದೆ ಯಾರಿದ್ದಾರೆ ಅನ್ನುವುದರಲ್ಲಿ ಅನುಮಾನ ಇಲ್ಲದಿದ್ದರೆ ಕಲಾವಿದರ ಜೀವಿತಾವಧಿ ಮತ್ತು ಆಮೇಲಿನ 50 ವರ್ಷ. ದೇಶಗಳು ಇದಕ್ಕಿಂತ ಜಾಸ್ತಿ ಕೊಡಬಹುದು.

ಹಳೆಯ ಹೆಸರಿನಲ್ಲಿ ಗುರುತಿಸುವ ಜನರನ್ನು ಏನು ಮಾಡುವುದು ಅನ್ನುವುದಕ್ಕೆ ಜಪಾನಿನ ಚಿತ್ರಗಾರ ಹೊಕುಸಾಯ್‌ನಲ್ಲಿ ಉತ್ತರ ಸಿಕ್ಕಿತು. ಅವನು ಬದುಕಿನಲ್ಲಿ 30ಕ್ಕೂ ಹೆಚ್ಚು ಹೆಸರು ಬದಲಿಸಿದವನು. ಎಲ್ಲರಿಗೂ ಗೊತ್ತಿರುವ ಆ ದೊಡ್ಡ ಅಲೆಯ ಚಿತ್ರದಲ್ಲಿ ಸಹಿ ಇರುವುದೇ ‘ಹೊಕುಸಾಯ್, ಈಗ ಹೆಸರು ಬದಲಿಸಿಕೊಂಡ ಈತ್ಸು’ ಅನ್ನುವ ಅರ್ಥದಲ್ಲಿ. ಹಳೆಯದನ್ನು ಮುಚ್ಚಿಡಲಿಲ್ಲ, ಹೊಸದರ ಜೊತೆಗೇ ಬರೆದ. ಈಗ ನನ್ನ ಪ್ರದರ್ಶನದ ಚೀಟಿಗಳಲ್ಲೂ ತಾವನದ ಕೆಳಗೆ ಸಣ್ಣಕ್ಷರದಲ್ಲಿ ಹಳೆಯ ಹೆಸರಿದೆ. ಹಳೆಯ ಚಿತ್ರಗಳ ಮೇಲಿನ ಸಹಿಯನ್ನು ತಿದ್ದಲು ಹೋಗಿಲ್ಲ. ತಿದ್ದಿ ಕೊಡಿ ಅಂತ ಕೊಂಡವರಲ್ಲಿ ಒಬ್ಬರು ಕೇಳಿದ್ದರು, ಆಗುವುದಿಲ್ಲ ಅಂದೆ.