ಸೀಸ್ಮಿಕ್ ಲೈನ್ ಮುಚ್ಚಿ ತೋಳದ ಓಟ ತಡೆದದ್ದು: ನನ್ನ ಅನುಭವ

ಕೆನಡಾದ ಉತ್ತರ ಅಲ್ಬರ್ಟಾದಲ್ಲಿ, ಕ್ಯಾರಿಬೂ ಎಂಬ ಹಿಮಸಾರಂಗ ಇರುವ ಕಾಡಿನಲ್ಲಿ ಹಳೇ ಸೀಸ್ಮಿಕ್ ಲೈನ್, ಅಂದರೆ ಮರ ಕಡಿದ ನೇರ ದಾರಿ, ಮುಚ್ಚುವ ಕೆಲಸ ನನ್ನದು. "ಗಿಡ ನೆಟ್ಟು ಸುಮ್ನೆ ಬಿಡಿ, ತೋಳ ಹೇಗಾದರೂ ಬಂದೇ ಬರುತ್ತೆ, ಇದೆಲ್ಲ ದುಡ್ಡು ದಂಡ" ಎಂದು ಶುರುವಿನಲ್ಲಿ ಹೇಳದವರೇ ಇರಲಿಲ್ಲ. ಈಗ ಅವರೇ ಬಂದು ನಮ್ಮ ಲೈನ್ ನೋಡಿಕೊಂಡು ಹೋಗುತ್ತಿದ್ದಾರೆ.

ಎಣ್ಣೆ ಹುಡುಕಲು ಬುಲ್ಡೋಜರ್ ಬಿಟ್ಟು ಕಡಿದ ದಾರಿಗಳಿವು. ಐದರಿಂದ ಹತ್ತು ಮೀಟರ್ ಅಗಲ, ಕಿಲೋಮೀಟರ್‌ಗಟ್ಟಲೆ ನೇರ. ನಲವತ್ತು ವರ್ಷ ಕಳೆದರೂ ಎಷ್ಟೋ ಕಡೆ ಮರ ಬಂದಿಲ್ಲ. ಕ್ಯಾರಿಬೂ ಜೌಗಿನ ಒಳಗೆ ಸೇರಿಕೊಳ್ಳುವುದೇ ಮೂಸ್ ಎಂಬ ದೊಡ್ಡ ಜಿಂಕೆ ಮತ್ತು ಅದರ ಬೆನ್ನುಹತ್ತುವ ತೋಳದಿಂದ ದೂರ ಇರೋಕೆ. ಈ ಲೈನ್ ತೋಳವನ್ನು ಸೀದಾ ಅಲ್ಲಿಗೇ ಕರೆತರುತ್ತದೆ. ನಾಗರಹೊಳೆ, ಬಂಡೀಪುರದಲ್ಲಿ ಹುಲಿಗೆ ಕ್ಯಾಮೆರಾ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹುಲಿ ನಡೆಯುವ ಜೀಪ್ ದಾರಿಯಲ್ಲೇ ಕಟ್ಟುತ್ತೀರಿ, ಅಲ್ವಾ? ತೋಳ ಕಾಡಿನೊಳಗಿಗಿಂತ ಲೈನ್ ಮೇಲೆ ಎರಡು ಮೂರು ಪಟ್ಟು ವೇಗವಾಗಿ ಸಾಗುತ್ತದೆ.

ಕ್ಯಾರಿಬೂಗೂ ಇದು ಗೊತ್ತು. ಈಶಾನ್ಯ ಅಲ್ಬರ್ಟಾದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವು ಲೈನ್‌ನಿಂದ ಸುಮಾರು 250 ಮೀಟರ್, ಎಣ್ಣೆ ಬಾವಿಯಿಂದ ಒಂದು ಕಿಲೋಮೀಟರ್‌ವರೆಗೂ ದೂರ ಉಳಿದಿದ್ದವು. ಲೆಕ್ಕ ಹಾಕಿ. ಎಂಟು ಮೀಟರ್ ದಾರಿ ಕಡಿದರೆ ಹೋಗುವುದು ಅರ್ಧ ಕಿಲೋಮೀಟರ್ ಅಗಲದ ಮೇವು. ಕ್ಯಾರಿಬೂ ಉಳಿಸುವ 2012ರ ಕೆನಡಾ ಸರ್ಕಾರದ ಯೋಜನೆ ಮನುಷ್ಯರ ಕೈ ಬಿದ್ದ ಜಾಗದ ಸುತ್ತ 500 ಮೀಟರನ್ನೂ ಕೆಟ್ಟ ಜಾಗವೆಂದೇ ಎಣಿಸುತ್ತದೆ. ಕನಿಷ್ಠ ಶೇ. 65ರಷ್ಟು ಕಾಡು ಹಾಳಾಗದೆ ಉಳಿಯಬೇಕು ಎನ್ನುತ್ತದೆ. ಬಹುತೇಕ ಹಿಂಡುಗಳಿಗೆ ಅಷ್ಟು ಉಳಿದಿಲ್ಲ.

ಮೊದಲು ಕೆಲಸ ಕೊಟ್ಟವರು ಎಲ್ಲರೂ ಮಾಡುವಂತೆ ಬರೀ ಸಸಿ ನೆಡಿಸಿದರು. ಬುಲ್ಡೋಜರ್ ನೆಲವನ್ನು ತಟ್ಟೆ ಮಾಡಿಬಿಟ್ಟಿತ್ತು, ನೀರು ನಿಂತು ಬೇರು ಕೊಳೆಯಿತು. ಉಳಿದ ಸಸಿಗಳ ಮೇಲೆ ಸ್ನೋಮೊಬೈಲ್ (ಹಿಮದ ಮೇಲೆ ಓಡುವ ಗಾಡಿ) ಹರಿದವು. ಆಮೇಲೆ ಕೊಂಬೆ ಹರಡಿದೆವು. ಫೆಬ್ರುವರಿಯಲ್ಲಿ ಹಿಮ ಅದನ್ನೆಲ್ಲ ಮುಚ್ಚಿ ಗಟ್ಟಿಯಾಯಿತು, ತೋಳಗಳು ಮೇಲೆಯೇ ನಡೆದುಹೋದವು. ಆ ವರ್ಷ ಲೈನ್ ಮೇಲೆ ಕಟ್ಟಿದ್ದ ಕ್ಯಾಮೆರಾಗಳ ಕಾರ್ಡ್ ತೆರೆಯುವುದೇ ಬೇಸರವಾಗಿತ್ತು.

ಕೈಹಿಡಿದದ್ದು ಗುಡ್ಡೆ ಮತ್ತು ಅಡ್ಡಮರ, ಎರಡೂ ಒಟ್ಟಿಗೆ. ಚಳಿಗಾಲದಲ್ಲಿ ಜೌಗು ಹೆಪ್ಪುಗಟ್ಟಿದ ಮೇಲೆ ಹಿಟಾಚಿ ಇಳಿಸಿ, ಗುಂಡಿ ತೋಡಿ ಪಕ್ಕದಲ್ಲೇ ಗುಡ್ಡೆ ಹಾಕುತ್ತೇವೆ. ಸುಮಾರು ಒಂದು ಮೀಟರ್ ಎತ್ತರ ಬೇಕು. ಬೇಸಿಗೆಗೆ ಕರಗಿ ಅದರಲ್ಲಿ ಅರ್ಧಕ್ಕೆ ಇಳಿಯುತ್ತದೆ. ಗುಡ್ಡೆಯ ನೆತ್ತಿಗೆ ಬ್ಲ್ಯಾಕ್ ಸ್ಪ್ರೂಸ್ ಸಸಿ. ಅಂಚಿನ ಮರಗಳನ್ನು ಎರಡೂ ಕಡೆಯಿಂದ ಅಡ್ಡ ಕೆಡವುತ್ತೇವೆ, ಆದರೆ ನೆಲಕ್ಕೆ ಬೀಳಿಸುವುದಿಲ್ಲ. ಎದೆ ಮಟ್ಟಕ್ಕೆ ನಿಲ್ಲಬೇಕು, ಆಗಲೇ ಹಿಮ ನುಂಗುವುದಿಲ್ಲ. ಲೈನ್ ಕೂಡುವ ಜಾಗದಿಂದ ಮೊದಲ ಇನ್ನೂರು ಮೀಟರ್ ದಟ್ಟವಾಗಿರಲಿ. ಲೈನ್ ಶುರುವಾಗುವ ಬಾಯಿಯಲ್ಲಿ ಮರವನ್ನು ಯಾವ ಕೋನಕ್ಕೆ ಕೆಡವಬೇಕು, ಯಾವ ಮರ ಮೊದಲು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ತಂಡ ಕಷ್ಟಪಟ್ಟು ಕಲಿತದ್ದು, ನಮ್ಮ ಅನ್ನ ಅದು.

ಖರ್ಚು ಕಿಲೋಮೀಟರಿಗೆ ಹತ್ತು ಹನ್ನೆರಡು ಸಾವಿರ ಡಾಲರ್. ದೂರದ ಜಾಗವಾದರೆ ಇನ್ನೂ ಜಾಸ್ತಿ. ಅದರಲ್ಲಿ ಅರ್ಧದಷ್ಟು ಐಸ್ ದಾರಿ, ಕ್ಯಾಂಪ್, ಯಂತ್ರದ ಸಾಗಣೆಗೇ ಹೋಗುತ್ತದೆ. ಒಂದು ಚಳಿಗಾಲ ಜನವರಿವರೆಗೂ ನೆಲ ಗಟ್ಟಿಯಾಗಲಿಲ್ಲ. ಹಿಟಾಚಿ ನಿಂತಲ್ಲೇ ನಿಂತಿತ್ತು, ಬಾಡಿಗೆ ಓಡುತ್ತಲೇ ಇತ್ತು. ಕೆಲಸ ಕೊಟ್ಟವರು ಬಿಲ್ಲನ್ನು ತಿಂಗಳುಗಟ್ಟಲೆ ಎಳೆದರು. ಹುಡುಗರ ಸಂಬಳಕ್ಕೆ ನನ್ನ ಮನೆ ಸಾಲದ ಕಂತಿನ ದುಡ್ಡು ಹಾಕಿದೆ.

ಫಲ ಕಂಡದ್ದು ಎರಡನೇ ಚಳಿಗಾಲದಲ್ಲಿ. ಮುಂಚೆ ಹೆಚ್ಚುಕಡಿಮೆ ವಾರಕ್ಕೊಮ್ಮೆ ತೋಳ ಸಿಗುತ್ತಿದ್ದ ಕ್ಯಾಮೆರಾದಲ್ಲಿ ತಿಂಗಳು ಕಳೆದರೂ ಇಲ್ಲ. ಒಂದು ಸಾಲು ಚಿತ್ರ ನನಗೆ ಬಾಯಿಪಾಠ. ಮೂರು ತೋಳಗಳು ಲೈನ್ ಬಾಯಿಗೆ ಬರುತ್ತವೆ. ಮುಂದಿನದು ಮೊದಲ ಮರ ಮೂಸುತ್ತದೆ, ಮುಂಗಾಲು ಮೇಲಿಡುತ್ತದೆ, ಇಳಿಸುತ್ತದೆ. ಆಮೇಲೆ ಮೂರೂ ಪಕ್ಕದ ಕಾಡಿಗೆ ತಿರುಗುತ್ತವೆ. ಹೆಜ್ಜೆ ಹಿಡಿದು ಹೋದೆ. ಲೈನ್ ಮೇಲೆ ಉದ್ದುದ್ದಕ್ಕೆ ಬಿದ್ದಿದ್ದ ಹೆಜ್ಜೆ ಕಾಡಿನ ಮೆತ್ತನೆ ಹಿಮದಲ್ಲಿ ಅರ್ಧಕ್ಕರ್ಧ ಗಿಡ್ಡವಾಗಿತ್ತು, ಹೊಟ್ಟೆ ಎಳೆದ ಗುರುತು ಬೇರೆ. ಅದೇ ಮಾರ್ಚ್‌ನಲ್ಲಿ ಲೈನ್‌ನಿಂದ ಅರವತ್ತು ಎಪ್ಪತ್ತು ಹೆಜ್ಜೆ ದೂರದಲ್ಲೇ ಕ್ಯಾರಿಬೂ ಗೊರಸಿನಿಂದ ಹಿಮ ಕೆದರಿ ಮೇವು ತಿಂದ ಗುಂಡಿಗಳು ಕಂಡವು. ಅಷ್ಟು ಹತ್ತಿರ ಅಲ್ಲಿ ಹಿಂದೆ ನೋಡಿರಲಿಲ್ಲ.

ಇಷ್ಟರಿಂದಲೇ ಹಿಂಡು ಬೆಳೆಯುತ್ತದೆ ಎನ್ನಲಾರೆ. ಬ್ರಿಟಿಷ್ ಕೊಲಂಬಿಯಾದ ಕ್ಲಿನ್ಸ್-ಝಾ ಹಿಂಡು 2013ರಲ್ಲಿ 38ಕ್ಕೆ ಇಳಿದಿತ್ತು. ವೆಸ್ಟ್ ಮೊಬರ್ಲಿ ಮತ್ತು ಸೋಟೋ ಮೂಲನಿವಾಸಿಗಳು 2014ರಿಂದ ಗಬ್ಬದ ಹೆಣ್ಣುಗಳನ್ನು ಬೇಲಿಯೊಳಗೆ ಕಾಪಾಡಿದರು, ತೋಳಗಳನ್ನೂ ಕಡಿಮೆ ಮಾಡಿದರು. ಈಗ ನೂರು ದಾಟಿದೆ. ತುರ್ತಿಗೆ ಅದು ಬೇಕೇ ಬೇಕು. ಆದರೆ ದಾರಿ ತೆರೆದಿರುವಷ್ಟು ಕಾಲ ತೋಳ ಕೊಲ್ಲುತ್ತಲೇ ಇರಬೇಕಾಗುತ್ತದೆ, ಅದು ನನಗೆ ಒಪ್ಪಿಗೆಯಿಲ್ಲ.

ಜೊತೆಗೇ ಕ್ಯಾರಿಬೂ ತಿನ್ನುವ ಕಲ್ಲುಹೂವನ್ನೂ ನೆಲದಲ್ಲಿ ಬೆಳೆಸಿ ನೋಡಿದೆ. ಪುಡಿ ಮಾಡಿ ಎರಚಿದೆ. ಗುಡ್ಡೆಗಳ ಮೇಲೆ ಪಾಚಿ ಅದನ್ನು ಮುಚ್ಚಿಹಾಕಿತು. ಪೈನ್ ಮರದ ಮರಳು ನೆಲದಲ್ಲಿ ಮಾತ್ರ ಹಿಡಿದಿದೆ, ಉಗುರಿನಷ್ಟು ಬೆಳೆದಿದೆ. ಇನ್ನೊಂದು ಮಾತು: ಮೈನಸ್ ನಲವತ್ತರಲ್ಲಿ ಲಿಥಿಯಂ ಸೆಲ್ ಬಿಟ್ಟು ಬೇರೆ ಯಾವುದನ್ನೂ ಕ್ಯಾಮೆರಾಗೆ ಹಾಕಬೇಡಿ.

ಮುಂದಿನ ಸರದಿ ಮೂರು ಮೀಟರ್ ಅಗಲದ ಹೊಸ ಲೈನ್‌ಗಳದ್ದು. ದೊಡ್ಡ ಹಿಟಾಚಿ ಅಲ್ಲಿ ತಿರುಗುವುದಿಲ್ಲ, ಚಿಕ್ಕದನ್ನು ಬಾಡಿಗೆಗೆ ಮಾತಾಡಿದ್ದೇನೆ. ನೆಲ ಬೇಗ ಹೆಪ್ಪುಗಟ್ಟಿದರೆ ಡಿಸೆಂಬರ್ ಕೊನೆಗೇ ಇಳಿಸುತ್ತೇವೆ.